ನಾಯಿಮರಿಯ ಜನ್ಮದಿನಾಂಕ

ಜನನ-ಮರಣ ನೋಂದಣಿ ಕಚೇರಿಯ ಗುಮಾಸ್ತರು ತಮ್ಮ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ದಾಖಲೆಯಿಲ್ಲದೆ ಒಂದೇ ಒಂದು ಹುಟ್ಟನ್ನೂ ಒಪ್ಪಿಕೊಂಡವರಲ್ಲ. (ಎದುರಿಗೆ ನಿಂತವನು ಉಸಿರಾಡುತ್ತಿರುವುದು ಅವರ ಪ್ರಕಾರ ಪುರಾವೆಯಲ್ಲ.) ಅಂಥವರ ಮನೆಗೆ ಮಗಳು ಒಂದು ನಾಯಿಮರಿಯನ್ನು ಎತ್ತಿಕೊಂಡು ಬಂದಳು. ಅದು ಯಾವತ್ತು ಹುಟ್ಟಿದ್ದೆಂದು ಕೊಟ್ಟವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮೂರು ದಿನ ಗುಮಾಸ್ತರು ಮೂಗು ಮುರಿದರು. ನಾಲ್ಕನೆಯ ದಿನ ಮರಿ ಅವರ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತು. ಅಲ್ಲಿಗೆ ಅವರ ಕಥೆ ಮುಗಿಯಿತು. ಐದನೆಯ ದಿನ, ಎದುರುಮನೆಯ ಮರಿ ವಾಂತಿಭೇದಿಯಾಗಿ ಸತ್ತಿತೆಂಬ ಸುದ್ದಿ ಬಂತು. ಲಸಿಕೆ ಹಾಕಿಸಿರಲಿಲ್ಲವಂತೆ. ಗುಮಾಸ್ತರು ಊಟದ ತಟ್ಟೆಯನ್ನು ಬದಿಗೆ ಸರಿಸಿದರು.

“ನಾಳೆನೇ ಸೂಜಿ ಹಾಕಿಸ್ಬೇಕು,” ಅಂದರು.

“ಹಾಕ್ಸಿ. ಬೇಡ ಅಂದೋರ್ಯಾರು?” ಅಂದಳು ಹೆಂಡತಿ.

“ತೀರಾ ಎಳೇದಾದ್ರೆ ತಾಯಿ ಹಾಲಿನ ಬಲವೇ ಅಡ್ಡ ಬಂದು ಔಷಧಿ ಹಿಡಿಯೋದೇ ಇಲ್ವಂತೆ.”

“ಹಾಗಾದ್ರೆ ತಡೀರಿ.”

“ಅಷ್ಟರಲ್ಲಿ ರೋಗ ಬಂದ್ರೆ?”

“ನನ್ನ ತಲೆ ತಿಂದಿದ್ದು ಸಾಕು, ಹೋಗಿ ಡಾಕ್ಟ್ರ ತಲೆ ತಿನ್ನಿ.”

ಪಶುವೈದ್ಯರ ಕೋಣೆಯ ಬೆಂಚಿನ ಮೇಲೆ ಅಜ್ಜಿಯೊಬ್ಬಳು ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಲ್ಲೋ ನೋಡಿದ ಮುಖ ಅನ್ನಿಸಿತು. ಆದರೆ ಕಚೇರಿಯ ಕಿಟಕಿಯ ಚೌಕಟ್ಟಿಲ್ಲದೆ ಗುಮಾಸ್ತರಿಗೆ ಯಾವ ಮುಖದ ಗುರುತೂ ಹತ್ತುತ್ತಿರಲಿಲ್ಲ.

“ಎಷ್ಟು ವಾರದ ಮರಿ?” ವೈದ್ಯೆ ಕೇಳಿದರು.

ಗುಮಾಸ್ತರು ಬೆವೆತರು. “ಕೊಟ್ಟೋರು ಆರು ಅಂತಾರೆ, ನಮ್ಮತ್ತೆ ಒಂಬತ್ತು ಅಂತಾರೆ. ದಾಖಲೆ ಇಲ್ಲ.” (ಈ ಮಾತನ್ನು ಅವರು ದಿನವೂ ಕೇಳಿದ್ದುಂಟು, ತಾವೇ ಆಡಿದ್ದು ಇದೇ ಮೊದಲು.)

ವೈದ್ಯೆ ಮರಿಯ ಬಾಯಿ ಅಗಲಿಸಿದರು. “ಹಾಲುಹಲ್ಲೆಲ್ಲಾ ಬಂದಿದೆ. ಎಂಟು ವಾರ,” ಎಂದು ಕಾರ್ಡಿನಲ್ಲಿ ಬರೆದೇಬಿಟ್ಟರು.

“ಹಲ್ಲು ನೋಡಿ ಬರೆದ್ರೆ ನಡೆಯುತ್ತಾ ಮೇಡಂ? ಒಂದು ವಾರ ಆಚೀಚೆ ಆಗಿದ್ರೆ?”

“ಆಗಿರಬಹುದು. ತಾಯಿ ಹಾಲಿನ ಬಲ ಯಾವತ್ತು ಇಳಿಯುತ್ತೆ ಅಂತಾನೂ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಒಂದೇ ಸಲಕ್ಕೆ ಬಿಡಲ್ಲ. ಇವತ್ತೊಂದು, ನಾಲ್ಕು ವಾರ ಬಿಟ್ಟು ಒಂದು, ಮತ್ತೆ ನಾಲ್ಕು ವಾರ ಬಿಟ್ಟು ಇನ್ನೊಂದು. ಅಲ್ಲೀವರೆಗೆ ಬೀದಿಗೆ ಬಿಡ್ಬೇಡಿ. ಮರಿ ಕಣ್ಮುಂದೆ ಇದೆಯಲ್ಲ ಯಜಮಾನ್ರೇ, ಯಾವತ್ತೋ ಹುಟ್ಟಿರ್ಲೇಬೇಕು.”

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ತಾರೀಖು ಗುರುತಿಸಿ, ಇಂಥ ವಿವೇಕಿಗಳು ಎಲ್ಲ ಇಲಾಖೆಯಲ್ಲೂ ಇರಬೇಕು ಎಂದು ಕೊಂಡಾಡಿದರು. ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

ಮರುದಿನ ಕಚೇರಿಯ ಕಿಟಕಿಯಲ್ಲಿ ಅದೇ ಅಜ್ಜಿ ಬಂದು ನಿಂತಾಗ ಮುಖದ ಗುರುತು ಥಟ್ಟನೆ ಹತ್ತಿತು. ವಯಸ್ಸಿನ ಪತ್ರ ಕೇಳಿಕೊಂಡು ಬಂದು, ಹುಟ್ಟಿದ ದಿನಕ್ಕೆ ಪುರಾವೆಯಿಲ್ಲವೆಂದು ಪ್ರತಿ ಸಲವೂ ಅವರಿಂದಲೇ ವಾಪಸು ಹೋಗಿದ್ದವಳು. ರೂಢಿಬಲದಿಂದ ಗುಮಾಸ್ತರ ನಾಲಗೆ “ದಾಖಲೆ...” ಎಂದು ಶುರುಮಾಡಿತು.

“ಮರಿ ಹೇಗಿದೆಯಪ್ಪಾ?” ಅಂದಳು ಅಜ್ಜಿ.

“ಚೆನ್ನಾಗಿದೆ ಅಜ್ಜಿ.”

“ಅದಕ್ಕಾದ್ರೂ ಮೂರೇ ಸಲ ಬಾ ಅಂದ್ರು. ನಾನು ಬರ್ತಿರೋದು ಇದು ಆರನೇ ಸಲ.” ಅಜ್ಜಿ ಕಿಟಕಿಯೊಳಗೆ ತಲೆ ತೂರಿಸಿ ಬಾಯಿ ಅಗಲ ತೆರೆದಳು. ಇದ್ದದ್ದು ಎರಡೇ ಹಲ್ಲು. “ನೋಡಿ ಬರ್ಕೋ.”

ಗುಮಾಸ್ತರು ತೆಪ್ಪಗೆ ಪೆನ್ನು ಕೈಗೆತ್ತಿಕೊಂಡು ಅಜ್ಜಿಯ ಬೆನ್ನ ಹಿಂದೆ ನೋಡಿದರು. ತನ್ನಂತೆ ದಾಖಲೆಯಿಲ್ಲದೆ ವಾಪಸು ಹೋದವರಿಗೆಲ್ಲ ಅವಳು ಹೇಳಿಯೇ ಬಂದಿದ್ದಳೆಂದು ಕಾಣುತ್ತದೆ. ಸಾಲು ಬಾಗಿಲು ದಾಟಿ ಬೀದಿಗಿಳಿದಿತ್ತು. ನಿಂತವರೆಲ್ಲರೂ ಬಾಯಿ ತೆರೆದುಕೊಂಡಿದ್ದರು.