ಗುಳ್ಳೆಯಿಂದ ಹೊರಗೆ ಬಂದವರು

ನಾನು ಗಂಭೀರವಾಗಿ ಒಂದು ನಿರ್ಧಾರ ಮಾಡಿದರೆ ಸಾಕು, ಸುತ್ತಲಿನವರಿಗೆ ವರ್ಷಕ್ಕಾಗುವಷ್ಟು ನಗು ಸಿಗುತ್ತದೆ. ಈ ಸಲದ ನಿರ್ಧಾರ ಇಷ್ಟೇ: ನಾನು ಏನು ನೋಡಬೇಕು ಅನ್ನೋದನ್ನ ಇನ್ನು ಮೇಲೆ ಫೋನು ತೀರ್ಮಾನ ಮಾಡಕೂಡದು.

ನಾನು ದಾವಣಗೆರೆಯವಳು. ವಿಶಾಖಪಟ್ಟಣದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಅತ್ತೆ ಮಾವ ವಿಜಯವಾಡದ ಭವಾನಿಪುರಂನಲ್ಲಿದ್ದಾರೆ. ಅತ್ತೆ ಬಳ್ಳಾರಿಯವರು, ಮಾವ ತೆಲುಗಿನವರು. ಹಾಗಾಗಿ ಆ ಮನೆಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು; ಅತ್ತೆ ಮಾವನನ್ನು 'ರೀ' ಅನ್ನೋ ಬದಲು 'ಏಮಂಡೀ' ಅಂತ ಕರೆಯುತ್ತಾರೆ.

ಮೊಣಕಾಲು

ಒಂದು ದಿನ ಬಸ್ಸಿನಿಂದ ಇಳಿಯುವಾಗ ಮೊಣಕಾಲು ಉಳುಕಿತು. ಮೊಣಕಾಲು ಪಟ್ಟಿ ಎಲ್ಲಿ ಸಿಗುತ್ತೆ ಅಂತ ಫೋನಿನಲ್ಲಿ ಒಂದೇ ಒಂದು ಸಲ ಹುಡುಕಿದೆ. ನೋವು ನಾಲ್ಕು ದಿನಕ್ಕೆ ಹೋಯಿತು. ಮೊಣಕಾಲು ಹೋಗಲಿಲ್ಲ. ಬೆಳಿಗ್ಗೆ ಮೊಣಕಾಲಿನ ಎಣ್ಣೆ, ಮಧ್ಯಾಹ್ನ ಮೊಣಕಾಲಿನ ಯೋಗ, ಸಂಜೆ ಮೊಣಕಾಲಿನ ಬಗ್ಗೆ ಪ್ರವಚನ. ಒಂದು ಭಾನುವಾರ ಸಮುದ್ರದ ದಂಡೆಯಲ್ಲಿ ಕೂತು ಕಣ್ಣು ಮುಚ್ಚಿದ್ದೆ. ತಂಪು ಗಾಳಿ, ಅಲೆಗಳ ಜೋಗುಳ. ಅರೆನಿದ್ದೆಯಲ್ಲಿ ನೋಡಿದರೆ ದಿಗಂತದಿಂದ ಒಂದರ ಹಿಂದೊಂದು ಮೆತ್ತಗೆ ಬರುತ್ತಿದ್ದದ್ದು ಅಲೆಗಳಲ್ಲ, ಮಡಚಿದ ಮೊಣಕಾಲುಗಳು.

ಇದನ್ನು ಲ್ಯಾಬಿನ ಸಹೋದ್ಯೋಗಿಗೆ ಹೇಳಿದೆ. ಅವನು ಮೈಸೂರಿನವನು, ಇಲ್ಲೇ ಊರಾಚೆಯ ಪೆಂಡುರ್ತಿಯಲ್ಲಿ ತಾಯಿ ಜೊತೆ ಇರುತ್ತಾನೆ. "ಅದಕ್ಕೆ ಗುಳ್ಳೆ ಅಂತಾರೆ ಮೇಡಂ. ಒಮ್ಮೆ ನೋಡಿದ್ದನ್ನೇ ತೋರಿಸಿ ತೋರಿಸಿ ನಿಮ್ಮನ್ನ ಒಳಗೇ ಇಟ್ಕೊಂಡಿರುತ್ತೆ. ನಮ್ಮ ಜಾಲಕ್ಕೆ ಬನ್ನಿ. ಅದಕ್ಕೆ ಒಬ್ಬ ಮಾಲೀಕ ಅಂತಿಲ್ಲ. ಯಾರು ಬೇಕಾದರೂ ಒಂದು ಸರ್ವರ್ ಇಟ್ಕೋಬಹುದು, ಎಲ್ಲ ಸರ್ವರ್‌ಗಳೂ ಒಂದಕ್ಕೊಂದು ಮಾತಾಡ್ತವೆ. ಜಾಹೀರಾತಿಲ್ಲ. ನಿಮ್ಮನ್ನ ಯಾರೂ ನೋಡ್ತಿರಲ್ಲ."

ಅವತ್ತೇ ಖಾತೆ ತೆರೆದು "ಎಲ್ಲರಿಗೂ ನಮಸ್ಕಾರ" ಅಂತ ಬರೆದೆ. ಮೂರು ದಿನ ಕಾದೆ. ಉಸಿರಿಲ್ಲ.

"ಏನಪ್ಪಾ, ಒಬ್ಬರೂ ನೋಡೇ ಇಲ್ವಲ್ಲ?"

"ಮೊದಲೇ ಹೇಳಿದ್ನಲ್ಲ ಮೇಡಂ."

ಪಾಚಿಯ ಊರು

ನಿಜ ಏನೆಂದರೆ ನಾನು ಸೇರಿದ ಸರ್ವರೇ ಬೇರೆ. ಸರ್ವರ್‌ಗಳ ಪಟ್ಟಿಯಲ್ಲಿ ಚೆಂದದ ಹಸಿರು ಚಿತ್ರ ನೋಡಿ, ಕೈತೋಟದವರಿರಬೇಕು ಅಂತ ಒತ್ತಿಬಿಟ್ಟಿದ್ದೆ. ಅದು ಎಲ್ಲೋ ಚಳಿದೇಶದ ಪಾಚಿಪ್ರಿಯರ ಊರು. ದಿನವೂ ಕಲ್ಲಿನ ಮೇಲೆ ಪಾಚಿ, ಮರದ ಮೇಲೆ ಪಾಚಿ, ಪಾಚಿಯ ಮೇಲೆ ಇಬ್ಬನಿ. ಸುಳ್ಳು ಯಾಕೆ ಹೇಳಲಿ, ಲ್ಯಾಬಿನ ಸ್ಪಿರಿಟ್ ವಾಸನೆಯ ನಡುವೆ ಅದನ್ನು ನೋಡುತ್ತಿದ್ದರೆ, ಎಲ್ಲೋ ಬರಿಗಾಲಲ್ಲಿ ಮೆತ್ತನೆಯ ನೆಲದ ಮೇಲೆ ನಡೆದುಹೋಗುತ್ತಿದ್ದ ಹಾಗಿರುತ್ತಿತ್ತು.

ಕನ್ನಡ ಅಲ್ಲಿ ಯಾರಿಗೆ ಅರ್ಥವಾಗುತ್ತೆ ಅನ್ನೋ ಧೈರ್ಯದ ಮೇಲೆ ಒಂದು ದಿನ ಬರೆದೆ: "ನಮ್ಮ ಬಚ್ಚಲ ಗೋಡೆಗೂ ಇದು ಬಂದಿದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಹೋಗುತ್ತಾ?"

ಕೆಳಗೆ ಅನುವಾದದ ಗುಂಡಿಯೊಂದಿದೆ ಅಂತ ನನಗೇನು ಗೊತ್ತು? ಒಂದು ಗಂಟೆಯೊಳಗೆ ಬಂದ ಉತ್ತರಗಳಷ್ಟು ಜನ ನನ್ನ ಮದುವೆಗೂ ಬಂದಿರಲಿಲ್ಲ. ಒಬ್ಬರು ಬರೇ ಅಳುವ ಮುಖ ಹಾಕಿದ್ದರು. ಆ ಸರ್ವರ್ ನೋಡಿಕೊಳ್ಳುವ ಅಜ್ಜಿ ಮಾತ್ರ ಸಮಾಧಾನದಿಂದ ಕೇಳಿದರು: "ಮಗಳೇ, ದಯವಿಟ್ಟು ಉಜ್ಜಬೇಡ. ಅದಕ್ಕೆ ವಯಸ್ಸೆಷ್ಟು?"

"ದೀಪಾವಳಿಗೆ ಸುಣ್ಣ ಹೊಡೆಸಿದ ಮೇಲೆ ಹುಟ್ಟಿದ್ದು," ಅಂದೆ.

"ಅಯ್ಯೋ, ಇನ್ನೂ ಕೂಸು!"

ಏಳೂವರೆ

ಕೊನೆಗೆ ಸಹೋದ್ಯೋಗಿ ತನ್ನ ಸರ್ವರಿಗೇ ನನ್ನನ್ನು ಕರೆದುಕೊಂಡ. ಸರ್ವರ್ ಅಂದರೆ ಅವನ ಮನೆಯ ಟೀವಿ ಕೆಳಗಿದ್ದ ಒಂದು ಹಳೇ ಕಂಪ್ಯೂಟರು. ನರ್ಸು, ಲೆಕ್ಚರರ್, ಬ್ಯಾಂಕಿನವರು ಅಂತ ನಾವು ಹನ್ನೆರಡು ಜನ ಅದರೊಳಗೆ. "ಯಾವ ದೊಡ್ಡ ಕಂಪನಿಯೂ ಇದನ್ನ ನಿಲ್ಲಿಸೋಕಾಗಲ್ಲ," ಅನ್ನುತ್ತಿದ್ದ.

ಆದರೆ ದಿನಾ ಬೆಳಿಗ್ಗೆ ಏಳೂವರೆಗೆ ಅದು ನಿಂತುಹೋಗುತ್ತಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಯಾರೋ ವಿದೇಶದಿಂದ ದಾಳಿ ಮಾಡುತ್ತಿದ್ದಾರೆ ಅಂತ ಅವನ ಅನುಮಾನ. ಒಂದು ಭಾನುವಾರ ಎದುರಿಗೇ ಕಾದು ಕೂತ. ಏಳೂವರೆಗೆ ಸರಿಯಾಗಿ ಅವನ ತಾಯಿ ಮಿಕ್ಸಿ ಹಿಡಿದುಕೊಂಡು ಬಂದರು, ಸರ್ವರಿನ ಪ್ಲಗ್ ಕಿತ್ತರು, ಮಿಕ್ಸಿ ಚುಚ್ಚಿದರು, ಚಟ್ನಿ ರುಬ್ಬಿದರು.

"ಅಮ್ಮಾ! ಎಷ್ಟು ಜನರ ಮಾತು ನಿಂತುಹೋಯ್ತು ಗೊತ್ತಾ?"

"ಎಷ್ಟು ಜನ?"

"ಹನ್ನೆರಡು."

"ಅಷ್ಟೇ ತಾನೆ? ತಿಂಡಿಗೇ ಕರಿ. ಇಲ್ಲೇ ಕೂತು ಮಾತಾಡ್ಲಿ, ಕರೆಂಟಾದ್ರೂ ಉಳಿಯತ್ತೆ."

ನದಿಗಾಳಿ

ಮಾವ ನಿವೃತ್ತ ಭೂಗೋಳದ ಮೇಷ್ಟ್ರು. ಅವರ ಫೋನು ಅವರ ಅಭಿಪ್ರಾಯಗಳನ್ನೇ ಬೇರೆ ಬೇರೆಯವರ ಬಾಯಲ್ಲಿ ಅವರಿಗೆ ತೋರಿಸುತ್ತಿತ್ತು. "ನೋಡಮ್ಮಾ, ಲೋಕವೆಲ್ಲ ನನ್ನ ಹಾಗೇ ಯೋಚಿಸ್ತಿದೆ," ಅನ್ನೋರು. ಮನೆಯಲ್ಲಿ ಮಾತೇ ನಿಂತಿತ್ತು. ಅತ್ತೆ ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು: "ನಾ ಏನರ ಅಂದ್ರ ಅವ್ರಿಗೆ ಕೇಳ್ಸೋದೇ ಇಲ್ಲವ್ವಾ. ಹೂಂ ಅನ್ನಾಕ ಫೋನು ಐತಲ್ಲ." ಹೇಳುವಾಗ ಅವರು ನಗುತ್ತಿರಲಿಲ್ಲ.

ಇಬ್ಬರಿಗೂ ನಮ್ಮ ಸರ್ವರಿನಲ್ಲಿ ಖಾತೆ ಮಾಡಿಕೊಟ್ಟೆ. ಅಲ್ಲಿ ನಿಜವಾದ ಹೆಸರು ಬೇಕಿಲ್ಲ. ಮಾವ 'ಭೂಪಟ' ಆದರು. ಅತ್ತೆ 'ನದಿಗಾಳಿ' ಆದರು, ಯಾರಿಗೂ ಹೇಳಕೂಡದು ಅಂತ ನನ್ನಿಂದ ಆಣೆ ಹಾಕಿಸಿಕೊಂಡು.

ಎರಡು ತಿಂಗಳಲ್ಲಿ ಮಾವನ ಮುಖಕ್ಕೆ ಕಳೆ ಬಂತು. "ಅಮ್ಮಾಯಿ, ಅಲ್ಲಿ ನದಿಗಾಳಿ ಅಂತ ಒಬ್ಬರಿದ್ದಾರೆ. ನಾನು ಏನು ಬರೆದರೂ ತಪ್ಪು ಅಂತಾರೆ. ಆದರೆ ಏನು ತರ್ಕ! ಮೊನ್ನೆ ಸೋತೆ ಅಂತ ನಾನೇ ಒಪ್ಪಿಕೊಂಡೆ. ಇಂಥ ಬುದ್ಧಿವಂತರ ಜೊತೆ ಜನ್ಮದಲ್ಲಿ ಮಾತಾಡಿರಲಿಲ್ಲ."

ಅತ್ತೆ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ. ಆದರೆ ಬೇಕಾದ ಸೊಪ್ಪನ್ನೆಲ್ಲ ಕಸಕ್ಕೆ, ಕಡ್ಡಿಯನ್ನೆಲ್ಲ ಬುಟ್ಟಿಗೆ ಹಾಕುತ್ತಿದ್ದರು.

ಸಂಕ್ರಾಂತಿಗೆ ಮತ್ತೆ ವಿಜಯವಾಡಕ್ಕೆ ಹೋಗಿದ್ದೆ. ಬೆಳಿಗ್ಗೆ ದಟ್ಟ ಮಂಜು. ಕೃಷ್ಣೆ ಕಾಣದೆ, ನದಿ ನಡುವಿನ ಭವಾನಿ ದ್ವೀಪವೊಂದೇ ಬೆಳ್ಳನೆಯ ಗಾಳಿಯಲ್ಲಿ ತೇಲುತ್ತಿತ್ತು. ಅತ್ತೆ ಮಾಳಿಗೆ ಹತ್ತಿ ಅದರ ಫೋಟೋ ತೆಗೆದು ನದಿಗಾಳಿ ಹೆಸರಿನಲ್ಲಿ ಹಾಕಿದರು. ಕೆಳಗೆ ಕಾಫಿ ಕುಡಿಯುತ್ತಿದ್ದ ಮಾವ ಹಿಗ್ಗಿದರು.

"ಆಹಾ, ಇವರು ನಮ್ಮೂರಿನವರೇ ಕಣಮ್ಮಾ! ಎಲ್ಲಿಂದ ತೆಗೆದರೋ, ಕನಸಿನ ಹಾಗಿದೆ." ಬೆರಳಿನಿಂದ ಚಿತ್ರ ದೊಡ್ಡದು ಮಾಡಿದರು. ಹುಬ್ಬು ಗಂಟಾಯಿತು. "ಛೆ, ಮೂಲೆಯಲ್ಲಿ ತಂತಿ ಮೇಲೆ ಒಂದು ಬನಿಯನ್. ಬಟ್ಟೆಗಿಂತ ತೂತೇ ಜಾಸ್ತಿ!"

ಅಲ್ಲೇ ಉತ್ತರ ಬರೆದು ನನಗೆ ಗಟ್ಟಿಯಾಗಿ ಓದಿದರು: "ಚಿತ್ರ ಅದ್ಭುತ. ಆದರೆ ಆ ಬನಿಯನ್ ಹಾಕೋ ಮಹಾನುಭಾವರಿಗೆ ನನ್ನ ಪರವಾಗಿ ಹೇಳಿ, ಹೊಸದು ತಗೊಳ್ಳಲಿ."

ಮಾಳಿಗೆ ಮೇಲೆ ಫೋನು ಟಿಂಗ್ ಅಂದಿತು. ಹಿಂದೆಯೇ ಮಂಜಿನೊಳಗಿಂದ ಅತ್ತೆಯ ದನಿ ಇಳಿದು ಬಂತು:

"ಏಮಂಡೀ, ನಾ ಹೇಳಿದ್ರ ಅವ್ರು ಕೇಳಂಗಿಲ್ಲರೀ. ನೀವೇ ಒಂದು ಮಾತು ಹೇಳಿ ನೋಡ್ರಿ!"