ಕಿಟಕಿಯೊಳಗಿನ ಕಂದು ನೀರು

ಡೆವೆಂಟರ್ ಊರಿನಲ್ಲಿ ಬೀದಿ ಕಡೆಯ ಕಿಟಕಿಗೆ ಪರದೆ ಎಳೆದವರು ಕಳ್ಳರಿಗೆ ಸಮ. ಹೋಗಿಬರುವವರಿಗೆಲ್ಲ ನಡುಮನೆ ಕಾಣಬೇಕು, ಕಂಡದ್ದು ಥಳಥಳ ಹೊಳೆಯಬೇಕು. ಫೆಮ್ಕೆಯ ಮನೆಯಲ್ಲಿ ಅಂಥ ಕಿಟಕಿಯಲ್ಲೇ ಅವಳ ಗಂಡ ವೀಬೆ ಕಪ್ಪೆಗಳ ಗಾಜಿನ ಪೆಟ್ಟಿಗೆ ಇಟ್ಟಿದ್ದ. ಅದರೊಳಗಿನ ಪುಟ್ಟ ಕೊಳಕ್ಕೆ ಓಕ್ ಎಲೆಗಳ ಒಗರು ಇಳಿದು, ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು.

"ರೀ, ನಾನು ಮನೆ ತೊಳೆಯೋದೇ ಇಲ್ಲ ಅಂತ ಬೀದಿಯವರೆಲ್ಲ ಅಂದ್ಕೊಂಡಿದಾರೆ!"

"ಕೊಳೆ ಅಲ್ಲ ಕಣೇ, ಕಷಾಯ. ಕಪ್ಪೆ ಚರ್ಮಕ್ಕೆ ಒಳ್ಳೇದು."

"ಹಾಗಾದ್ರೆ ನೀವೂ ಅದ್ರಲ್ಲೇ ಸ್ನಾನ ಮಾಡಿ. ಇವತ್ತು ನನ್ನ ಹುಟ್ಟುಹಬ್ಬ. ಅಮ್ಮ ಬರೋದ್ರೊಳಗೆ ನೀರು ತಿಳಿಯಾಗ್ಬೇಕು. ಇಲ್ಲಾಂದ್ರೆ ಈ ಸಂಸಾರ ಯಾರಿಗಾದ್ರೂ ದಾನ!"

(ಕಪ್ಪೆಗಳ ಸಂಸಾರವೋ ತಮ್ಮದೋ ಎಂದು ಕೇಳುವ ಧೈರ್ಯ ವೀಬೆಗೆ ಬರಲಿಲ್ಲ.) ಆ ಹಸಿರು-ಕಪ್ಪು ಪುಟಾಣಿಗಳೆಂದರೆ ಅವನಿಗೆ ಪ್ರಾಣ. ಭಗೀರಥ ಪ್ರಯತ್ನ ಮಾಡಿ, ಕೊಳವೆಯಿಂದ ಕಂದು ನೀರನ್ನೆಲ್ಲ ಬಕೆಟ್ಟಿಗೆ ಎಳೆದು, ಇದ್ದಿಲಿನಲ್ಲಿ ಸೋಸಿದ ಮಳೆನೀರು ತುಂಬಿದ.

ಮಧ್ಯಾಹ್ನ ನೆಂಟರೆಲ್ಲ ವೃತ್ತಾಕಾರದಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಕೇಕಿನ ತಟ್ಟೆ ಇಟ್ಟುಕೊಂಡು ಕೂತರು. ವೀಬೆಯ ಅತ್ತೆ ಆಲ್ಬರ್ಟಾ ಗಾಜಿನ ಹತ್ತಿರ ಬಗ್ಗಿದರು.

"ಮನೆ ಅಂದ್ರೆ ಹೀಗಿರ್ಬೇಕು. ಅದ್ಸರಿ, ಆ ಕಪ್ಪೆ ಬೆನ್ನಿಗೆ ಏನೋ ಮೆತ್ಕೊಂಡಿದೆಯಲ್ಲ, ಒರೆಸ್ಬಾರ್ದಾ?"

ವೀಬೆ ಬಗ್ಗಿ ನೋಡಿದ. ಕೈಯಲ್ಲಿದ್ದ ಫೋರ್ಕು ಜಾರಿತು.

"ಮರಿ! ಗೊದಮೊಟ್ಟೆ! ಅಪ್ಪ ಮರೀನ ಬೆನ್ನ ಮೇಲೆ ಹೊತ್ಕೊಂಡು ನೀರಿಗೆ ಬಿಡೋಕೆ ಬಂದಿದಾನೆ! ಒಂದೊಂದಾಗಿ ತರ್ತಾನೆ..."

ಕಪ್ಪೆ ತಿಳಿನೀರಿಗೆ ಒಂದು ಕಾಲು ಇಟ್ಟಿತು, ಹಿಂದಕ್ಕೆ ತೆಗೆದುಕೊಂಡಿತು. ಮಗುವನ್ನು ಹೊತ್ತು ಅಲ್ಲೇ ಕೂತಿತು. ನೆಂಟರ ಬಾಯಲ್ಲಿ ಕೇಕು ಹಾಗೇ ಉಳಿಯಿತು.

ಒಂದೊಂದಾಗಿ ಎಂದಮೇಲೆ ಮೊದಲು ತಂದವು ಎಲ್ಲಿ? ವೀಬೆ ಅಡುಗೆಮನೆಯತ್ತ ತಿರುಗಿದ. ಫೆಮ್ಕೆಗೂ ಹೊಳೆಯಿತು.

"ಬಕೆಟ್ಟು ಎಲ್ರೀ? ಚೆಲ್ಲಿಬಿಟ್ರಾ?"

"ಚೆಲ್ಲೋಕೆ ಮರ್ತೆ ಕಣೇ."

"ಮದುವೆ ಆದಾಗಿಂದ ಇದೊಂದೇ ನೀವು ಒಳ್ಳೇದಕ್ಕೆ ಮರ್ತಿರೋದು!"

ಅಡುಗೆಮನೆಗೆ ಓಡಿದರು. ಆ ಕಂದು ನೀರಿನಲ್ಲಿ, ಎಳ್ಳಿಗೆ ಬಾಲ ಬಂದಂತೆ, ಮೂರು ಜೀವಗಳು ಈಜುತ್ತಿದ್ದವು. ಫೆಮ್ಕೆ ಹೊಸ ಉಡುಪಿನಲ್ಲೇ ನೆಲಕ್ಕೆ ಮೊಣಕಾಲೂರಿದಳು. "ಅಯ್ಯೋ ದೇವ್ರೇ, ಇವು ನನ್ನ ಕಿಟಕೀಲೇ ಇದ್ವಾ?" ಎನ್ನುವಾಗ ಅವಳ ಕಣ್ಣು ತುಂಬಿತ್ತು.

ತಿಳಿನೀರನ್ನು ಅವಳೇ ತೆಗೆದಳು. ತನ್ನ ಕಾಫಿ ಕಪ್ಪಿನಲ್ಲಿ ಕಂದು ನೀರನ್ನೂ ಮರಿಗಳನ್ನೂ ಮೆಲ್ಲಗೆ ಕೊಳಕ್ಕೆ ಸೇರಿಸಿದಳು. ಕಪ್ಪೆ ಮತ್ತೆ ಕಾಲಿಟ್ಟಿತು. ಈ ಸಲ ಇಳಿಯಿತು, ಮುಳುಗಿತು, ಖಾಲಿ ಬೆನ್ನಿನೊಂದಿಗೆ ಮೇಲೆ ಬಂತು. ಅಷ್ಟು ದೊಡ್ಡ ಸಂಗತಿ ಅಷ್ಟು ಚಿಕ್ಕ ಜಾಗದಲ್ಲಿ ನಡೆದದ್ದನ್ನು ಆ ನೆಂಟರು ಯಾರೂ ಕಂಡಿರಲಿಲ್ಲ.

ಆ ಊರಿನಲ್ಲಿ ಹುಟ್ಟುಹಬ್ಬ ಇದ್ದವರಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ಕೈಕುಲುಕಿ ಅಭಿನಂದನೆ ಹೇಳುವುದು ವಾಡಿಕೆ. ನೆಂಟರು ಎದ್ದು, ಈಗ ಮರಿಗಳ ಹೆಸರಿನಲ್ಲಿ ಇನ್ನೊಂದು ಸುತ್ತು ಹೊರಟರು. ಫೆಮ್ಕೆಗೆ ಹೇಳಿದರು, ಮರಿಗಳಿಗೆ ಅಜ್ಜಿಯಾದ ಆಲ್ಬರ್ಟಾಗೆ ಹೇಳಿದರು, ಗಾಜಿಗೆ ಮುಖ ಒತ್ತಿ ಕಪ್ಪೆಗೂ ಹೇಳಿದರು. ವೀಬೆ ತಲೆಗೂದಲು ಸರಿಮಾಡಿಕೊಂಡು ಅತ್ತೆಯತ್ತ ಕೈ ಚಾಚಿದ.

ಅತ್ತೆ ಆ ಕೈಗೆ ಖಾಲಿ ಬಕೆಟ್ಟು ಕೊಟ್ಟರು.

"ನಿಮಗ್ಯಾಕೆ ಅಳಿಯಂದಿರೇ? ಮಕ್ಕಳನ್ನ ಹೊತ್ತು ತಂದೋನು ಅವನು!"