ಅಂಟಬೇಕಾದ್ದು, ಅಂಟಬಾರದ್ದು

ಇಷ್ಟಕ್ಕೆಲ್ಲ ಕಾರಣ ಒಂದು ಬಟ್ಟಲು ಕೊಬ್ಬರಿ ಎಣ್ಣೆ. ಅದನ್ನು ಹಚ್ಚಿದ ಶಿವಗಂಗಮ್ಮನವರ ಮನಸ್ಸಿನಲ್ಲಿ ಒಳ್ಳೆಯದಲ್ಲದೆ ಬೇರೇನೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುವುದು ನ್ಯಾಯ. ಗೋಣಿಬೀಡಿನಲ್ಲಿ ಇವತ್ತಿನವರೆಗೆ ಯಾರಾದರೂ ಹಾಳಾಗಿದ್ದರೆ ಅದು ಬೇರೆಯವರ ಒಳ್ಳೆಯ ಮನಸ್ಸಿನಿಂದಲೇ.

ಚನ್ನಬಸವನಿಗೆ ಮನೆಯ ಪಕ್ಕದಲ್ಲೊಂದು ಶೆಡ್ಡು. ಅದರಲ್ಲಿ ಫೈಬರ್ ಕೆಲಸ. ಬಚ್ಚಲಮನೆ ಬಾಗಿಲು, ನೀರಿನ ಟ್ಯಾಂಕಿನ ರಿಪೇರಿ, ಕಿಟಕಿಯ ಮೇಲಿನ ಸಜ್ಜಾ, ಹೀಗೆ ಹೊಟ್ಟೆಗೆ ಬಟ್ಟೆಗೆ ಆಗುವಷ್ಟು ನಡೆಯುತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದರೆ ಈ ಕತೆಯೇ ಇಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಪುಕ್ಕಟೆಯಾಗಿ ಸಿಗುವುದು ಮಳೆ, ಸಲಹೆ ಮತ್ತು ಅಡಿಕೆ ಸಿಪ್ಪೆ. ಮೊದಲೆರಡರಿಂದ ಏನೂ ಮಾಡಲಾಗದೆಂದು ತಿಳಿದ ಚನ್ನಬಸವ ಮೂರನೆಯದನ್ನು ಹಿಡಿದುಕೊಂಡ. ಅಡಿಕೆ ಸಿಪ್ಪೆಯ ನಾರನ್ನು ರೆಸಿನ್ ಎಂಬ, ಒಣಗಿ ಕಲ್ಲಾಗುವ ಅಂಟುದ್ರವದೊಳಗೆ ಕೂರಿಸಿದರೆ ಕಬ್ಬಿಣದಷ್ಟು ಗಟ್ಟಿಯಾದ, ಮೊರದಷ್ಟು ಹಗುರಾದ ಸಾಮಾನು ಮಾಡಬಹುದು ಎಂಬುದು ಅವನ ಹುಚ್ಚು.

ಮೊದಲು ಮಾಡಿದ್ದು ಒಂದು ಕುರ್ಚಿ. ಅದರ ಮೇಲೆ ಮೊದಲು ಕೂತವನು ಹೆಂಡತಿ ಸುಕನ್ಯಾಳ ಅಣ್ಣ ವಿಶ್ವನಾಥ್. ಕೂತ ಹಾಗೆಯೇ ನೆಲಕ್ಕೆ ಹೋದ. ಮನೆಯವರೆಲ್ಲ ಓಡಿಬಂದು ವಿಶ್ವನಾಥನನ್ನು ನೋಡಿದರೆ ಚನ್ನಬಸವ ಮುರಿದ ಕುರ್ಚಿಯನ್ನು ನೋಡಿದ. ಒಂದೇ ಒಂದು ಎಳೆ ನಾರೂ ತುಂಡಾಗಿರಲಿಲ್ಲ. ಪಾಯಸದಿಂದ ಶ್ಯಾವಿಗೆ ಎತ್ತಿದ ಹಾಗೆ ಎಲ್ಲವೂ ರೆಸಿನ್ನಿನಿಂದ ಜಾರಿ ಹೊರಗೆ ಬಂದಿದ್ದವು. ಇದನ್ನು ಅವನು ಸಂತೋಷದಿಂದ ಎಲ್ಲರಿಗೂ ತೋರಿಸಿದ. ಅಣ್ಣನನ್ನು ಎಬ್ಬಿಸುವ ಮೊದಲು ನಾರನ್ನು ಎತ್ತಿಕೊಂಡ ಗಂಡನನ್ನು ಸುಕನ್ಯಾ ಇನ್ನೂ ಕ್ಷಮಿಸಿಲ್ಲ.

ಆಮೇಲೆ ಚಿಕ್ಕಮಗಳೂರಿನಲ್ಲಿ ನಡೆದ ತರಬೇತಿಯೊಂದಕ್ಕೆ ಹೋಗಿ ಬಂದಾಗ ಅವನಿಗೆ ಗುಟ್ಟು ಗೊತ್ತಾಯಿತು. ನಾರಿನ ಮೈಮೇಲೆ ಹುಟ್ಟಿನಿಂದಲೇ ಒಂದು ಮೇಣದ ಪದರ ಇರುತ್ತದೆ. ಅದಿರುವವರೆಗೆ ಬಾಳೆಲೆಯ ಮೇಲೆ ನೀರು ಹೇಗೋ ನಾರಿನ ಮೇಲೆ ರೆಸಿನ್ ಹಾಗೆ. ಕಾಸ್ಟಿಕ್ ಸೋಡಾದಲ್ಲಿ ತೊಳೆದು ಆ ಮೇಣ ತೆಗೆಯಬೇಕು, ಒಣಗಿಸಬೇಕು, ಮೇಲೆ ಅಂಟಿನ ದ್ರಾವಣ ಲೇಪಿಸಬೇಕು. ಆಗ ನಾರು, ರೆಸಿನ್ ಒಂದನ್ನೊಂದು ಬಿಡುವುದಿಲ್ಲ. ಇತ್ತ ಅಚ್ಚಿಗೆ ಮಾತ್ರ ಮೇಣ ತಿಕ್ಕಬೇಕು, ಇಲ್ಲವಾದರೆ ಮಾಡಿದ ಸಾಮಾನು ಅಚ್ಚನ್ನೂ ಬಿಡುವುದಿಲ್ಲ. ಅಂಟಬೇಕಾದ್ದು ಅಂಟಬೇಕು, ಅಂಟಬಾರದ್ದು ಅಂಟಬಾರದು, ಇಷ್ಟೇ ವಿದ್ಯೆ. ಈ ಮಾತನ್ನು ಅವನು ಊರಿನಲ್ಲಿ ಯಾರೊಬ್ಬರನ್ನೂ ಬಿಡದೆ ಹೇಳಿದ.

ಹಾಗೆ ಕೇಳಿಸಿಕೊಂಡವರಲ್ಲಿ ರುದ್ರಾಣಿಯವರೂ ಒಬ್ಬರು. ಊರಾಚೆಯ ಎಸ್ಟೇಟಿನ ಒಡತಿ. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಹಸಿ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಒಣಗಿಸುವ ಕಣಕ್ಕೆ ಹೊರಲು ಅವರಿಗೆ ಟಬ್ಬುಗಳು ಬೇಕಿದ್ದವು. ಕಬ್ಬಿಣದ ಬಾಂಡ್ಲಿ ತುಕ್ಕು ಹಿಡಿಯುತ್ತಿತ್ತು, ಪ್ಲಾಸ್ಟಿಕ್ಕು ಬಿಸಿಲಿಗೆ ಸೀಳುತ್ತಿತ್ತು. ಒಂದು ಮಾಡಿ ತೋರಿಸು, ಚೆನ್ನಾಗಿದ್ದರೆ ಎಸ್ಟೇಟಿಗೆಲ್ಲ ನಿನ್ನಿಂದಲೇ ತರಿಸುತ್ತೇನೆ, ಶನಿವಾರ ಮಧ್ಯಾಹ್ನ ಬರುತ್ತೇನೆ ಎಂದಿದ್ದರು.

ಇದನ್ನು ಕೇಳಿದ ಸುಕನ್ಯಾ ಕೋಪ ಮಾಡಿಕೊಳ್ಳಲಿಲ್ಲ. ಮೆತ್ತಗೆ ಮಾತಾಡಿದಳು. ಚನ್ನಬಸವನಿಗೆ ಹೆದರಿಕೆಯಾಗಿದ್ದು ಅದಕ್ಕೇ.

“ಇದೊಂದು ಕೊನೆ ಕಣ್ರೀ. ಇದೂ ಮುರೀತೋ, ಶೆಡ್ಡು ಖಾಲಿ ಮಾಡಿ ಅಣ್ಣಂಗೆ ಮೆಣಸಿನ ಚೀಲ ಇಡಕ್ಕೆ ಕೊಡೋದು. ನೀವು ಅವನ ತೋಟದಲ್ಲಿ ಲೆಕ್ಕ ಬರ್ಯೋ ರೈಟರ್ ಆಗಿ ಸೇರ್ಕಳೋದು.”

ಕುರ್ಚಿಯಿಂದ ಬಿದ್ದ ಭಾವಮೈದುನನ ಕೈಕೆಳಗೆ ಕೆಲಸ ಮಾಡುವುದನ್ನು ನೆನೆಸಿಕೊಂಡರೇ ಚನ್ನಬಸವನಿಗೆ ಸೊಂಟ ನೋಯುತ್ತಿತ್ತು.

ಶನಿವಾರ ಬೆಳಿಗ್ಗೆ ಸುಕನ್ಯಾ ಸ್ತ್ರೀಶಕ್ತಿ ಸಂಘದ ಸಭೆಗೆಂದು ಮೂಡಿಗೆರೆಯ ಬಸ್ಸು ಹತ್ತಿದ್ದೇ ತಡ, ಚನ್ನಬಸವ ಅಟ್ಟ ಹತ್ತಿದ. ಅಲ್ಲಿ ಅವಳ ತಾಯಿ ಮದುವೆಯಲ್ಲಿ ಕೊಟ್ಟ ತಾಮ್ರದ ಕೊಪ್ಪರಿಗೆ ಇತ್ತು. ಅಗಲ ಬಾಯಿ, ಕಿರಿದಾದ ತಳ, ನುಣ್ಣನೆ ಒಳಮೈ. ಟಬ್ಬಿಗೆ ಇದಕ್ಕಿಂತ ಒಳ್ಳೆಯ ಅಚ್ಚು ದೇವಲೋಕದಲ್ಲೂ ಸಿಗಲಾರದು. ಸಂಜೆಯೊಳಗೆ ತೊಳೆದು ಮೇಲಿಟ್ಟರೆ ಆಯಿತು, ಯಾರಿಗೆ ಗೊತ್ತಾಗಬೇಕು ಎಂದುಕೊಂಡ. ಅದನ್ನು ಶೆಡ್ಡಿಗೆ ಹೊತ್ತು ತಂದು, ಒಳಗೆಲ್ಲ ಕನ್ನಡಿಯ ಹಾಗೆ ಹೊಳೆಯುವಂತೆ ಮೇಣ ತಿಕ್ಕಿದ. ತೊಳೆದು ಲೇಪ ಮಾಡಿದ ನಾರು ಅಂಗಳದ ಬಿದಿರಿನ ತಟ್ಟಿಯ ಮೇಲೆ ಒಣಗುತ್ತಿತ್ತು. ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡ್ನರ್ ಮಾತ್ರ ಬಸ್ಸಿನಲ್ಲಿ ಪಾರ್ಸೆಲ್ ಬರಬೇಕಿತ್ತು. ಪಕ್ಕದ ಮನೆಯ ಶಿವಗಂಗಮ್ಮನವರಿಗೂ ಎದುರುಮನೆಯ ಲಿಂಗಪ್ಪನಿಗೂ ಒಂದು ಕಣ್ಣಿಟ್ಟಿರಿ ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ಹೊರಟ. ಜೀವನದಲ್ಲಿ ಅವನು ಮಾಡಿದ ತಪ್ಪುಗಳಲ್ಲಿ ಇದಕ್ಕೆ ಮೊದಲನೇ ಸ್ಥಾನ ಕೊಡಬಹುದು.

ಬಸ್ಸು ತಡವಾಯಿತು. ಶಿವಗಂಗಮ್ಮ ಹೇಳಿದಂತೆ ಕಣ್ಣಿಟ್ಟರು. ಕಣ್ಣಿಟ್ಟಾಗ ನಾರು ಕಂಡಿತು. ಸೀಗೆಕಾಯಿ ಹಾಕಿ ಮೂರು ಸಲ ತಿಕ್ಕಿ ತೊಳೆದ ತಲೆಗೂದಲಿನ ಹಾಗೆ ಒಣಗಿ, ಸಿಕ್ಕಾಗಿ, ಕೆಂಚಗೆ ನಿಂತಿತ್ತು. ಆರು ಹೆಣ್ಣುಮಕ್ಕಳ ತಲೆ ಬಾಚಿ ದೊಡ್ಡವರನ್ನಾಗಿ ಮಾಡಿದ ಕೈ ಅದು, ನೋಡಿಕೊಂಡು ಹೇಗೆ ಸುಮ್ಮನಿದ್ದೀತು? ಒಳಗೆ ಹೋಗಿ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, ಎಳೆ ಎಳೆಗೂ ಹಚ್ಚಿ, ಬಾಚಣಿಗೆಯಿಂದ ಬಾಚಿಯೂ ಇಟ್ಟರು.

ಅದೇ ಹೊತ್ತಿಗೆ ಲಿಂಗಪ್ಪ ಶೆಡ್ಡಿನೊಳಗೆ ಹೋದ. ಅಡಿಕೆ ಮರಗಳಿಗೆ ಬೋರ್ಡೋ ಔಷಧಿ ಹೊಡೆಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮಳೆಗೆ ಔಷಧಿ ತೊಳೆದುಹೋಗದೆ ಗೊನೆಗೆ ಅಂಟಿಕೊಳ್ಳಲಿ ಎಂದು ರಾಳದ ಅಂಟು ಬೆರೆಸುವುದು ಇಲ್ಲಿಯ ಪದ್ಧತಿ. ಚನ್ನಬಸವ ವಾರದಿಂದ ಅಂಟು, ಅಂಟು ಎಂದು ಜಪಿಸುತ್ತಿದ್ದುದನ್ನು ಅವನೂ ಕೇಳಿದ್ದ. ಕೊಪ್ಪರಿಗೆಯ ಒಳಗೆ ಕೈಯಾಡಿಸಿದರೆ ಜರ್ರನೆ ಜಾರಿತು. ಪಾಪ, ಅವಸರದಲ್ಲಿ ಗಮನಿಸಿಲ್ಲ, ಇದಕ್ಕೆ ಏನು ತಾನೇ ಅಂಟೀತು ಎಂದು ಮರುಗಿದ. ಸೀಮೆಎಣ್ಣೆ ಬಟ್ಟೆಯಿಂದ ಮೇಣವನ್ನೆಲ್ಲ ಒರೆಸಿ ತೆಗೆದು, ಮಳೆಗಾಲದಲ್ಲಿ ಮಿಕ್ಕಿದ್ದ ರಾಳದ ಡಬ್ಬ ತಂದು ಒಳಗೆಲ್ಲ ಧಾರಾಳವಾಗಿ ಬಳಿದು, ಯಾರಿಗೂ ಹೇಳದೆ ಮನೆಗೆ ಹೋದ. ಮಾಡಿದ ಉಪಕಾರವನ್ನು ಹೇಳಿಕೊಂಡು ತಿರುಗುವವನಲ್ಲ ಅವನು.

ಬೆವರು ಸುರಿಸುತ್ತಾ ಬಂದ ಚನ್ನಬಸವ ನಾರು ನೋಡಿದ. ಫಳಫಳ ಹೊಳೆಯುತ್ತಿತ್ತು. ಲೇಪ ಚೆನ್ನಾಗಿ ಹಿಡಿದಿದೆ ಎಂದು ಹಿಗ್ಗಿದ. ವರ್ಷಗಟ್ಟಲೆ ರೆಸಿನ್ ಕುಡಿದ ಅವನ ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ ಹತ್ತಲಿಲ್ಲ. ಕೊಪ್ಪರಿಗೆಯೂ ಹೊಳೆಯುತ್ತಿತ್ತು. ಸರಸರನೆ ರೆಸಿನ್ ಕಲಸಿ ಬಳಿದ, ನಾರು ಹಾಸಿದ, ಮತ್ತೆ ಬಳಿದ, ಮತ್ತೆ ಹಾಸಿದ. ಊಟದ ಹೊತ್ತಿಗೆ ಎಲ್ಲ ಕಲ್ಲಿನಂತೆ ಗಟ್ಟಿಯಾಗಿತ್ತು.

ಟಬ್ಬನ್ನು ಎಬ್ಬಿಸಲು ಹೋದ. ಏಳಲಿಲ್ಲ. ಬಿಸಿನೀರು ಸುರಿದ, ತಣ್ಣೀರು ಸುರಿದ, ಮಗುಚಿಹಾಕಿ ಮರದ ಕೊಡತಿಯಿಂದ ಬಡಿದ. ಸದ್ದು ಕೇಳಿ ಬಂದ ಲಿಂಗಪ್ಪ, ಶಿವಗಂಗಮ್ಮ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಜಗ್ಗಿದರು. ಕೊಪ್ಪರಿಗೆ ಮೂವರನ್ನೂ ಎಳೆದಾಡಿತೇ ಹೊರತು ಒಳಗಿದ್ದದ್ದನ್ನು ಬಿಡಲಿಲ್ಲ.

“ಎಂತ ಹಿಡ್ಕೊಂಡಿದೆ ನೋಡು ಮಾರಾಯ,” ಎಂದ ಲಿಂಗಪ್ಪ, ಹೆಮ್ಮೆ ತಡೆಯಲಾರದೆ. “ನಮ್ಮ ರಾಳ ಅಂದ್ರೆ ಹಂಗೇ.”

ಚನ್ನಬಸವ ಜಗ್ಗುವುದನ್ನು ನಿಲ್ಲಿಸಿದ. ಲಿಂಗಪ್ಪ ತನ್ನ ಸೇವೆಯನ್ನು ಆಗ ವಿವರಿಸಿದ. ಅವನೊಬ್ಬನಿಗೇ ಹೆಸರು ಬಂದೀತೆಂದು ಶಿವಗಂಗಮ್ಮನವರೂ ಬಾಯಿಬಿಟ್ಟರು.

“ನಾರು ನೋಡಿ ಹೊಟ್ಟೆ ಉರೀತು ಮಗಾ. ಹಂಗೆ ಒಣಗಿಸ್ತಾರಾ ಯಾರಾದ್ರೂ? ಒಂಚೂರು ಎಣ್ಣೆ ಮುಟ್ಟಿಸ್ದೆ.”

ಚನ್ನಬಸವ ಅಂಚಿನಲ್ಲಿ ಹೊರಚಾಚಿದ್ದ ಒಂದು ಚೂರನ್ನು ಹಿಡಿದು ಮುರಿದ. ಹಪ್ಪಳದಂತೆ ಮುರಿಯಿತು. ನಾರು ಒಂದೂ ತುಂಡಾಗದೆ, ಎಣ್ಣೆ ಹಾಕಿ ಬಾಚಿದ ಜಡೆಯಂತೆ ನುಣ್ಣಗೆ ಜಾರಿ ಹೊರಗೆ ಬಂತು. ತರಬೇತಿಯಲ್ಲಿ ಮಾಡಬೇಡಿ ಎಂದದ್ದೆಲ್ಲವನ್ನೂ ಇಬ್ಬರೂ ಸೇರಿ ಒಂದೇ ಬೆಳಿಗ್ಗೆ ಮಾಡಿ ಮುಗಿಸಿದ್ದರು. ಅವನಿಗೆ ಅಳು ಬಂತು. ಆದರೆ ಅಳುವುದಕ್ಕೂ ಸಮಯವಿರಲಿಲ್ಲ, ಫೋನು ಬಡಿದುಕೊಂಡಿತು. ಮೂಡಿಗೆರೆಯಲ್ಲಿ ರುದ್ರಾಣಿ ಅಮ್ಮಾವ್ರು ಸಿಕ್ಕಿದರು, ಅವರ ಜೀಪಿನಲ್ಲೇ ಬರುತ್ತಿದ್ದೇನೆ, ಇನ್ನೇನು ಬಂದೆವು ಎಂದಳು ಸುಕನ್ಯಾ.

ಇನ್ನು ಟಬ್ಬಿನ ಮಾತು ಹಾಳಾಗಲಿ, ಕೊಪ್ಪರಿಗೆಯನ್ನು ಸುಕನ್ಯಾಳ ಕಣ್ಣಿಂದ ಮರೆಮಾಡಿದರೆ ಸಾಕೆನಿಸಿತು. ಬಾಗಿಲುಗಳಿಗೆ ಹೊಡೆದು ಮಿಕ್ಕಿದ್ದ ಹಸಿರು ಸ್ಪ್ರೇ ಡಬ್ಬ ಎತ್ತಿಕೊಂಡು ಹೊರಮೈ ಪೂರ್ತಿ ಹೊಡೆದ. ಲಿಂಗಪ್ಪ ಮೊರ ಹಿಡಿದು ಬೀಸಿದ, ಶಿವಗಂಗಮ್ಮ ಸೆರಗು ಹಿಡಿದು ಬೀಸಿದರು. ಜೀಪು ಬಂದು ನಿಂತಾಗ ತಾಮ್ರದ ಕೊಪ್ಪರಿಗೆ ಹೋಗಿ ಹಸಿರು ಟಬ್ಬು ಕೂತಿತ್ತು.

ರುದ್ರಾಣಿಯವರು ತಮ್ಮೊಡನೆ ಮೇಸ್ತ್ರಿ ವೆಂಕಟೇಶನನ್ನು ಕರೆತಂದಿದ್ದರು. ಅವನು ಜೀಪಿನಿಂದ ಇಳಿದಾಗ ಜೀಪು ಒಂದು ಗೇಣು ಮೇಲೆದ್ದಿತು. ಟಬ್ಬನ್ನು ಬೋರಲು ಹಾಕಿಸಿ ಮೇಲೆ ಹತ್ತು ಎಂದರು. ಚನ್ನಬಸವ ಕಣ್ಣು ಮುಚ್ಚಿಕೊಂಡ. ವೆಂಕಟೇಶ ಹತ್ತಿದ, ನಿಂತ, ಕುಣಿದ. ಅವನ ಅಂಗಾಲು ಹಸಿರಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಆಗುವುದಾದರೂ ಹೇಗೆ, ಅವನು ಕುಣಿಯುತ್ತಿದ್ದದ್ದು ಅಪ್ಪಟ ತಾಮ್ರದ ಮೇಲೆ. ಇದು ಚನ್ನಬಸವನಿಗೆ ಹೊಳೆದಾಗ ಅವನಿಗೇ ಆಶ್ಚರ್ಯವಾಯಿತು.

ರುದ್ರಾಣಿಯವರು ಬೆರಳಿನಿಂದ ಬಡಿದು ನೋಡಿದರು. ಠಣ್ ಎಂದಿತು. ಫೈಬರ್ ಇಷ್ಟು ಚೆನ್ನಾಗಿ ದನಿ ಕೊಡುತ್ತದೆಯೇ ಎಂದು ಕೇಳಿದರು.

“ಸರಿಯಾಗಿ ಅಂಟಿದ್ರೆ ಕೊಡುತ್ತಮ್ಮ,” ಎಂದ ಚನ್ನಬಸವ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ಅಂಚಿನ ಹತ್ತಿರ ಬಾಗಿದರು. ಪೇಂಟಿನಡಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಎದ್ದು ಕಾಣುತ್ತಿದ್ದವು. ಮಗಳಿಗೆ ಕೊಡುವ ಪಾತ್ರೆಯ ಮೇಲೆ ತನ್ನ ಹೆಸರು ಕೊರೆಸದೆ ಕೊಡುವ ತಾಯಿ ಈ ಸೀಮೆಯಲ್ಲಿಲ್ಲ.

“ಕಲ್ಲಮ್ಮ,” ಎಂದು ಓದಿದರು ರುದ್ರಾಣಿಯವರು. “ಇದೇನು ಚನ್ನಬಸವ, ಕಂಪನಿ ಹೆಸರಾ?”

ಸುಕನ್ಯಾ ಮುಂದೆ ಬಂದು ನೋಡಿದಳು. ಚನ್ನಬಸವ ತಾನು ಮುಳುಗಿದೆ ಎಂದುಕೊಂಡ. ಆದರೆ ಮುಳುಗುವವನಿಗೆ ತಾನಾಗಿಯೇ ಚಾಚಿದ ಕೈಯನ್ನು ಯಾರು ಬಿಡುತ್ತಾರೆ? ಹೌದಮ್ಮ, ಕಲ್ಲಮ್ಮ ಫೈಬರ್ಸ್, ನಮ್ಮ ಅತ್ತೆಯವರ ಹೆಸರು, ಅವರ ಆಶೀರ್ವಾದದಿಂದಲೇ ಇದು ಎದ್ದು ನಿಂತಿದೆ ಎಂದುಬಿಟ್ಟ.

ಸುಕನ್ಯಾಳ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಅವನ ಬಾಯಲ್ಲಿ ತನ್ನ ತಾಯಿಯ ಬಗ್ಗೆ ಒಂದು ಒಳ್ಳೆಯ ಮಾತು ಅವಳು ಕೇಳಿರಲಿಲ್ಲ. ಎಲ್ಲರ ಎದುರಿಗೇ ಹೇಳಿದಳು, “ಶೆಡ್ಡು ಇನ್ಮೇಲೆ ನಿಮ್ದೇ ಕಣ್ರೀ. ಅಣ್ಣ ಬಂದ್ರೂ ಕೊಡಲ್ಲ, ಇದು ನನ್ನ ಮಾತು.”

ರುದ್ರಾಣಿಯವರು ಎಸ್ಟೇಟಿಗೆ ಬೇಕಾದ ಟಬ್ಬುಗಳೆಲ್ಲ ಹೀಗೇ ಇರಬೇಕು, ಈ ಹೆಸರೂ ಇರಬೇಕು ಎಂದರು. ಇದನ್ನು ಈಗಲೇ ಒಯ್ಯುತ್ತೇನೆ ಎಂದು ಮೇಸ್ತ್ರಿಗೆ ಸನ್ನೆ ಮಾಡಿದರು. ಕೊಪ್ಪರಿಗೆ ಊರು ಬಿಟ್ಟು ಹೋಗುವುದೇ ಎಷ್ಟೋ ವಾಸಿ, ಇನ್ನೊಂದು ಸಲ ಅಟ್ಟ ನೋಡುವಷ್ಟರಲ್ಲಿ ಏನಾದರೂ ಮಾಡಿಕೊಂಡರಾಯಿತು ಎಂದು ಚನ್ನಬಸವ ತಾನೇ ಒಂದು ಕಡೆ ಕೈಹಾಕಿ ಎತ್ತಿದ. ಅವನ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಬಾರಿಗೆ ರಕ್ತ ಆಡಿತು.

“ಒಂದ್ನಿಮಿಷ ಅಮ್ಮಾ,” ಎಂದಳು ಸುಕನ್ಯಾ, ಕಣ್ಣೊರೆಸಿಕೊಳ್ಳುತ್ತಾ. “ನಮ್ಮಮ್ಮ ಕೊಟ್ಟ ಕೊಪ್ಪರಿಗೆ ಅಟ್ಟದ ಮೇಲಿದೆ. ಅದ್ರಲ್ಲೂ ಹಿಂಗೇ ಹೆಸರು ಹಾಕ್ಸಿದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಫೋಟೋ ತೆಗೆದು ಕಳಿಸ್ತೀನಿ. ಕಳಸದ ತೌರುಮನೇಲಿ ಕೂತು ನೋಡಿ ಎಷ್ಟು ಸಂತೋಷ ಪಡ್ತಾರೋ.”

ಚನ್ನಬಸವ ಅಟ್ಟದಲ್ಲಿ ಧೂಳಿದೆ ಎಂದ, ಇಲಿಗಳಿವೆ ಎಂದ, ಏಣಿ ಅಲ್ಲಾಡುತ್ತದೆ ಎಂದ. ಅವಳು ಆಗಲೇ ಒಳಗೆ ಹೋಗಿದ್ದಳು. ಲಿಂಗಪ್ಪನಿಗೆ ದನ ಕಟ್ಟುವುದು ನೆನಪಾಯಿತು. ಶಿವಗಂಗಮ್ಮನವರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಸುಕನ್ಯಾ ಬರಿಗೈಯಲ್ಲಿ ಹಿಂತಿರುಗಿದಳು. ಅವಳ ತಲೆಯ ಮೇಲೆ ಜೇಡರ ಬಲೆ ಇತ್ತು. ನೇರ ಬಂದು, ಬೀಗದ ಕೈಯಿಂದ ಟಬ್ಬಿನ ಅಂಚನ್ನು ಒಂದು ಸಲ ಕೆರೆದಳು. ಹಸಿರು ಎದ್ದುಹೋಗಿ ಕೆಂಪು ತಾಮ್ರ ಹೊಳೆಯಿತು. ರುದ್ರಾಣಿಯವರು ಅದನ್ನು ನೋಡಿ, ಚನ್ನಬಸವನನ್ನು ನೋಡಿ, ತಾಮ್ರದ್ದು ನಮ್ಮನೆಯಲ್ಲೇ ಬೇಕಾದಷ್ಟಿದೆಯಪ್ಪ ಎಂದು ಹೇಳಿ ಜೀಪು ಹತ್ತಿದರು.

ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಸುಕನ್ಯಾ. ಶೆಡ್ಡು ಚನ್ನಬಸವನಿಗೇ ಉಳಿಯಿತು. ಹೊತ್ತು ಮುಳುಗುವ ಮೊದಲೇ ಅವನ ಚಾಪೆ, ದಿಂಬು, ಕಂಬಳಿಯನ್ನು ಆ ಹಸಿರು ಕೊಪ್ಪರಿಗೆಯಲ್ಲೇ ತುಂಬಿ ತಂದು ಶೆಡ್ಡಿನ ಬಾಗಿಲಲ್ಲಿ ಕುಕ್ಕಿದಳು.

“ಒಳಗಿರೋದು ನಮ್ಮಮ್ಮನ ಕೊಪ್ಪರಿಗೆ ಬಿಟ್ಟ ದಿವಸ ನೀವು ಮನೆ ಒಳಗೆ ಬನ್ನಿ,” ಎಂದು ಹೇಳಿ ಹೋದಳು.

ಚನ್ನಬಸವ ಹಾಸಿಗೆಯನ್ನು ಹೊರಗಿಟ್ಟು, ಅಂಚಿಗೆ ಬೆರಳು ಹಾಕಿ ಒಮ್ಮೆ ಜಗ್ಗಿ ನೋಡಿದ. ತುಂಬಾ ಚೆನ್ನಾಗಿ ಅಂಟಿತ್ತು.